ಮನೆಯಲ್ಲಿದ್ದುಕೊಂಡು ಹೊಲಿಗೆಯಿಂದ ಜೀವನೋಪಾಯ

ಹೆಣ್ಣುಮಕ್ಕಳ ಪಾಠಶಾಲೆಗಳಲ್ಲಿ ಓದು, ಬರಹ, ಲೆಕ್ಕಗಳೊಡನೆ ಹೊಲಿಗೆಯನ್ನೂ ಕಲಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಹರಿದುದಕ್ಕೆ ತೇಪೆ ಹಾಕುವುದು, ಅಂಚನ್ನು ಮಡಿಸಿ ಹೊಲಿಯುವುದು, ಕಾಜ ಮಾಡುವುದು, ಗುಂಡಿ ಹಚ್ಚುವುದು, ಚಿಕ್ಕ ಅಂಗಿಯೊಂದನ್ನು ಕತ್ತರಿಸಿ ಜೋಡಿಸುವುದು, ಇವೆಲ್ಲವನ್ನು ಕಲಿತ ವಿದ್ಯಾರ್ಥಿನಿಯು ತನ್ನ ಮನೆಯವರ ಬಟ್ಟೆಗಳನ್ನಾದರೂ ಅಚ್ಚುಕಟ್ಟಾಗಿ ಇಡಬಲ್ಲಳು. ಆದರೆ ಅನೇಕ ಸ್ತ್ರೀಯರಿಗೆ ಈ ವಿದ್ಯೆಯು ಮನೆಯ ಅನುಕೂಲಕ್ಕೆ ಮಾತ್ರವಲ್ಲದೆ ಹೊಟ್ಟೆಯ ಪಾಡಿಗೂ ಬೇಕಾಗಿ ಬರುವುದು. ದುಡಿಯುವ ಗಂಡಸು ಕಾಯಿಲೆ ಬಿದ್ದ ಮನೆಯುಂಟು. ಎಳೆಯ ಮಕ್ಕಳನ್ನು ಬಿಟ್ಟು ಹೊರಗೆ ಕೆಲಸಕ್ಕೆ ಹೋಗಲಾರದ ತಾಯಿಯುಂಟು. ಹಾಸಿಗೆ ಹಿಡಿದ ಅತ್ತೆಯ ಆರೈಕೆಗೆ ನಿಂತ ಸೊಸೆಯುಂಟು. ಇಂಥವರಿಗೆ ಮನೆಯ ಮೂಲೆಯಲ್ಲಿ ಒಂದು ಹೊಲಿಗೆಯ ಯಂತ್ರವಿದ್ದರೆ ಅದು ಊರುಗೋಲಿನಂತೆ ಆಧಾರವಾಗುವುದು.

ಹೀಗಿದ್ದರೂ ಹಗಲಿರುಳು ಹೊಲಿದು ಕೈಯಲ್ಲಿ ಕಾಸು ಉಳಿಯದವರು ನಮ್ಮ ಸುತ್ತಲೂ ಇರುವರು. ಅವರಿಗೆ ಹೊಲಿಗೆ ಬಾರದೆಂದಲ್ಲ. ಅವರ ಕೈಗೆಲಸ ಎಷ್ಟೋ ಸಲ ಅಂಗಡಿಯ ದರ್ಜಿಯ ಕೆಲಸಕ್ಕಿಂತ ಮೇಲಾಗಿರುವುದು. ಹಾಗಾದರೆ ಕೊರತೆ ಎಲ್ಲಿದೆ? ಶಾಲೆಯಲ್ಲಿ ಹೊಲಿಗೆಯ ತರಗತಿ ಒಂದು ಕೋಣೆಯಲ್ಲಿಯೂ ಲೆಕ್ಕದ ತರಗತಿ ಮತ್ತೊಂದು ಕೋಣೆಯಲ್ಲಿಯೂ ನಡೆಯುವುದು. ಆ ಎರಡು ಕೋಣೆಗಳ ನಡುವಣ ಬಾಗಿಲನ್ನು ತೆರೆಯುವುದೇ ಈ ಪಾಠದ ಉದ್ದೇಶ. ತನ್ನ ಹೊತ್ತಿಗೆ ಬೆಲೆಯುಂಟೆಂದು ತಿಳಿದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವಳಿಗೆ ಮಾತ್ರ ಹೊಲಿಗೆಯು ಜೀವನೋಪಾಯವಾಗುವುದು. ಉಳಿದವರಿಗೆ ಅದು ದಣಿವನ್ನು ತರುವ ಹೊತ್ತುಗಳೆಯುವಿಕೆಯಾಗಿ ನಿಲ್ಲುವುದು.

೧. ಹಿಂದಿನವರು ತೆರೆದ ದಾರಿ

ಸೂಜಿಯನ್ನು ಸ್ತ್ರೀಯರ ಸ್ವಾವಲಂಬನಕ್ಕೆ ಸಾಧನವನ್ನಾಗಿ ಮಾಡಿದವರಲ್ಲಿ ಪಂಡಿತಾ ರಮಾಬಾಯಿಯವರ ಹೆಸರು ನಮಗೆ ಹತ್ತಿರವಾದುದು. ೧೮೫೮ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯಪ್ರದೇಶದಲ್ಲಿ ಜನಿಸಿದ ಈ ವಿದುಷಿಯು ೧೮೮೯ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಸ್ಥಳಾಂತರವಾಯಿತು. ತರುವಾಯ ಕೇಡಗಾಂವದಲ್ಲಿ ಬೆಳೆದ ಮುಕ್ತಿ ಸದನದಲ್ಲಿ ವಿಧವೆಯರಿಗೂ ಅನಾಥ ಬಾಲಿಕೆಯರಿಗೂ ಅಕ್ಷರದ ಜೊತೆಯಲ್ಲಿ ಹೊಲಿಗೆ, ನೇಯ್ಗೆ, ಮುದ್ರಣ ಮುಂತಾದ ಕೈಗೆಲಸಗಳನ್ನು ಕಲಿಸಲಾಯಿತು. ೧೯೦೯ರಲ್ಲಿ ರಮಾಬಾಯಿ ರಾನಡೆಯವರ ನೇತೃತ್ವದಲ್ಲಿ ಪುಣೆಯಲ್ಲಿ ಆರಂಭವಾದ ಸೇವಾ ಸದನದಲ್ಲಿಯೂ ಹೊಲಿಗೆಯ ಶಿಕ್ಷಣಕ್ಕೆ ಸ್ಥಾನವಿತ್ತು. ಅನ್ನಕ್ಕಾಗಿ ಮತ್ತೊಬ್ಬರ ಮುಖವನ್ನು ನೋಡುವ ಸ್ಥಿತಿಯು ಹೆಣ್ಣಿಗೆ ತಪ್ಪಬೇಕೆಂಬುದೇ ಈ ಇಬ್ಬರು ಮಹಿಳೆಯರ ಆಶಯವಾಗಿತ್ತು.

ಇದೇ ಕಾಲದಲ್ಲಿ ಯಂತ್ರವೂ ಮನೆಗಳೊಳಗೆ ಕಾಲಿಟ್ಟಿತು. ಅಮೆರಿಕದ ಎಲಿಯಾಸ್ ಹೋವ್ ಎಂಬಾತನು ೧೮೪೬ರಲ್ಲಿಯೂ ಐಸಾಕ್ ಸಿಂಗರ್ ಎಂಬಾತನು ೧೮೫೧ರಲ್ಲಿಯೂ ಹೊಲಿಗೆಯ ಯಂತ್ರಗಳಿಗೆ ಹಕ್ಕುಪತ್ರಗಳನ್ನು ಪಡೆದರು. ಸಿಂಗರ್ ಕಂಪನಿಯು ೧೮೫೬ರಲ್ಲಿ ಕಂತಿನ ಮೇಲೆ ಯಂತ್ರಗಳನ್ನು ಮಾರಲು ತೊಡಗಿತು. ಒಮ್ಮೆಗೇ ಹಣ ಕೊಡಲಾರದ ಕುಟುಂಬಗಳಿಗೂ ಯಂತ್ರವು ದೊರೆಯುವಂತಾಯಿತು. ನಮ್ಮ ದೇಶದಲ್ಲಿ ಕಲಕತ್ತೆಯಲ್ಲಿ ೧೯೩೦ರ ದಶಕದಲ್ಲಿ ಉಷಾ ಯಂತ್ರದ ತಯಾರಿಕೆಯು ಆರಂಭವಾಯಿತು. ಯಂತ್ರಗಳ ವಿಷಯದಲ್ಲಿ ಬಹಳ ಎಚ್ಚರದಿಂದ ಮಾತಾಡುತ್ತಿದ್ದ ಮಹಾತ್ಮಾ ಗಾಂಧಿಯವರು ೧೯೨೪ರಲ್ಲಿ ನಡೆದ ಒಂದು ಸಂಭಾಷಣೆಯಲ್ಲಿ ಹೊಲಿಗೆಯ ಯಂತ್ರವನ್ನು ಪ್ರಯೋಜನಕರವಾದುದೆಂದು ಹೊರತುಪಡಿಸಿದರು. ಅದು ಮನುಷ್ಯನ ಕೈಯನ್ನು ನಿರುಪಯೋಗಿಯನ್ನಾಗಿ ಮಾಡದೆ, ಅದರ ಶ್ರಮವನ್ನು ಕಡಮೆ ಮಾಡುತ್ತದೆಂಬುದೇ ಅವರ ಅಭಿಪ್ರಾಯ.

೨. ಶ್ರಮವಿದ್ದೂ ಬಡತನವೇಕೆ?

ಆದರೆ ಯಂತ್ರವು ಬಂದ ಮಾತ್ರಕ್ಕೆ ಹೊಲಿಯುವವಳ ಕಷ್ಟವು ತೀರಿತೆಂದು ಹೇಳಲಾಗದು. ೧೮೬೦ರ ಸುಮಾರಿಗೆ ಅಮೆರಿಕದ ಯಂತ್ರ ಕಂಪನಿಯೊಂದು ಪ್ರಕಟಿಸಿದ ಪಟ್ಟಿಯಲ್ಲಿ, ಗಂಡಸರ ಶರಟೊಂದನ್ನು ಕೈಯಿಂದ ಹೊಲಿಯಲು ೧೪ ಘಂಟೆ ೨೬ ನಿಮಿಷಗಳೂ ಯಂತ್ರದಿಂದ ಹೊಲಿಯಲು ೧ ಘಂಟೆ ೧೬ ನಿಮಿಷಗಳೂ ಸಾಕೆಂದು ತೋರಿಸಲಾಗಿತ್ತು. ಇಷ್ಟು ಉಳಿತಾಯವಾದ ಹೊತ್ತೆಲ್ಲ ಯಾರ ಪಾಲಿಗೆ ಹೋಯಿತು? ಪೀಸಿನ ಲೆಕ್ಕದಲ್ಲಿ ಕೂಲಿಯನ್ನು ಕೊಡುವೆಡೆಯಲ್ಲಿ, ಕೆಲಸವು ಬೇಗ ಮುಗಿಯುತ್ತದೆಂಬ ಕಾರಣದಿಂದ ಪೀಸಿನ ದರವನ್ನೇ ಇಳಿಸುವುದು ಸುಲಭ. ಒಂದಕ್ಕೆ ಬದಲು ಹತ್ತು ಹೊಲಿದವಳು ಮೊದಲಿನಷ್ಟೇ ದುಡಿದಂತಾಗುವುದು.

ಇಂಗ್ಲೆಂಡಿನಲ್ಲಿ ಮನೆಯಲ್ಲಿ ಕುಳಿತು ಶರಟು ಹೊಲಿಯುವ ಬಡ ಸ್ತ್ರೀಯರ ದುಃಸ್ಥಿತಿಯನ್ನು ಕುರಿತು ಥಾಮಸ್ ಹುಡ್ ಎಂಬ ಕವಿಯು ೧೮೪೩ರಲ್ಲಿ ಬರೆದ ಪದ್ಯವು 'ಪಂಚ್' ಪತ್ರಿಕೆಯಲ್ಲಿ ಪ್ರಕಟವಾಗಿ ಜನರ ಮನಸ್ಸನ್ನು ಕಲಕಿತು. ಆದರೂ ಸಿದ್ಧ ಉಡುಪುಗಳ ಹೊಲಿಗೆಯೇ ಮೊದಲಾದ ನಾಲ್ಕು ಕಸುಬುಗಳಲ್ಲಿ ಕನಿಷ್ಠ ಕೂಲಿಯನ್ನು ಗೊತ್ತುಮಾಡುವ ಕಾಯಿದೆಯು ಆ ದೇಶದಲ್ಲಿ ೧೯೦೯ರಲ್ಲಿ ಆಯಿತು. ಕರುಣೆಯು ಹುಟ್ಟಿದಾಗಿನಿಂದ ಕಾಯಿದೆಯು ಹುಟ್ಟುವ ತನಕ ೬೬ ವರ್ಷಗಳು ಕಳೆದುವು. ಕರುಣೆಯೊಂದರಿಂದಲೇ ಕೂಲಿಯು ಹೆಚ್ಚುವುದಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ನಮ್ಮ ನೆರೆಯ ಆಂಧ್ರಪ್ರದೇಶದ ಒಂದು ನಿದರ್ಶನವು ಇನ್ನೂ ಬೋಧಪ್ರದವಾಗಿದೆ. ಗೋದಾವರೀ ತೀರದ ನರಸಾಪುರದ ಸುತ್ತಮುತ್ತ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನರಿಗಳು ಬಡ ಸ್ತ್ರೀಯರಿಗೆ ಲೇಸು ಹೆಣೆಯುವುದನ್ನು ಕಲಿಸಿದರು. ಆ ಕೆಲಸವು ಬೆಳೆದು ವಿದೇಶಗಳಿಗೆ ಸರಕನ್ನು ಕಳುಹಿಸುವ ದೊಡ್ಡ ವ್ಯಾಪಾರವಾಯಿತು. ಮಾರಿಯಾ ಮೀಸ್ ಎಂಬ ಜರ್ಮನ್ ವಿದುಷಿಯು ಆ ಊರುಗಳಲ್ಲಿ ಅಧ್ಯಯನ ನಡೆಸಿ ೧೯೮೨ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಲಾಭವು ವರ್ತಕರ ಕೈಸೇರುತ್ತಿದ್ದುದನ್ನೂ ಹೆಣೆಯುವ ಸ್ತ್ರೀಯರಿಗೆ ಅತ್ಯಲ್ಪ ಕೂಲಿಯು ದೊರೆಯುತ್ತಿದ್ದುದನ್ನೂ ಅವರು ಅದರಲ್ಲಿ ತೋರಿಸಿದರು. ಇದಕ್ಕೆ ಅವರು ಕಂಡ ಮುಖ್ಯ ಕಾರಣವು ಗಮನಾರ್ಹವಾದುದು. ದಿನವೆಲ್ಲ ದುಡಿಯುತ್ತಿದ್ದರೂ ಆ ಸ್ತ್ರೀಯರನ್ನು ಕೆಲಸಗಾರರೆಂದು ಯಾರೂ ಎಣಿಸುತ್ತಿರಲಿಲ್ಲ. ಮನೆಯಲ್ಲಿ ಕುಳಿತಿರುವ ಗೃಹಿಣಿಯರು ಬಿಡುವಿನ ಹೊತ್ತಿನಲ್ಲಿ ಮಾಡುವ ಕೆಲಸವೆಂದೇ ಅದನ್ನು ಭಾವಿಸುತ್ತಿದ್ದರು. ಬಿಡುವಿನ ಹೊತ್ತಿಗೆ ಬೆಲೆಯನ್ನು ಕೇಳುವುದೆಂತು? ಕೈಗೆಲಸವನ್ನು ಕಲಿಸಿದವರ ಉದ್ದೇಶವು ಒಳ್ಳೆಯದಾಗಿದ್ದರೂ ಬೆಲೆ ಕಟ್ಟುವ ವಿದ್ಯೆಯು ಅದರೊಡನೆ ಬಾರದೆ ಹೋದುದರಿಂದ ಹೀಗಾಯಿತು. ಸೂಜಿಯನ್ನು ಕಲಿಸುವ ಪ್ರತಿಯೊಂದು ಪಾಠಶಾಲೆಯೂ ಇದನ್ನು ಮನಸ್ಸಿನಲ್ಲಿಡತಕ್ಕದ್ದು.

೩. ಬೆಲೆಯನ್ನು ಕಟ್ಟುವ ಬಗೆ

ಈಗ ಲೆಕ್ಕಕ್ಕೆ ಬರೋಣ. ನಮ್ಮ ಊರುಗಳಲ್ಲಿ ಮನೆಯಲ್ಲಿ ಹೊಲಿಯುವವರಿಗೆ ಹೆಚ್ಚಾಗಿ ಬರುವ ಕೆಲಸವೆಂದರೆ ಲೈನಿಂಗ್ ಹಾಕಿದ ರವಿಕೆ. ಮುಂದಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಇಟ್ಟುಕೊಂಡವು. ಪ್ರತಿಯೊಬ್ಬಳೂ ತನ್ನ ಊರಿನ ದರಗಳನ್ನು ಅವುಗಳ ಸ್ಥಾನದಲ್ಲಿ ಬರೆದುಕೊಳ್ಳಬೇಕು.

ಲೈನಿಂಗ್ ಬಟ್ಟೆಗೆ ೬೦ ರೂಪಾಯಿ. ದಾರ, ಹುಕ್ಕುಗಳಿಗೆ ೧೫ ರೂಪಾಯಿ. ವಿದ್ಯುತ್ತು, ಸೂಜಿ, ಯಂತ್ರದ ಎಣ್ಣೆಗಳಿಗೆ ೫ ರೂಪಾಯಿ ಎಂದಿಟ್ಟುಕೊಳ್ಳೋಣ. ಇಷ್ಟನ್ನು ಎಲ್ಲರೂ ಎಣಿಸುವರು. ಆದರೆ ಯಂತ್ರದ ಸವೆತವನ್ನು ಎಣಿಸುವವರು ಕಡಮೆ. ೧೨,೦೦೦ ರೂಪಾಯಿಗೆ ಕೊಂಡ ಯಂತ್ರವು ಹತ್ತು ವರ್ಷ ಬಾಳಿದರೆ ವರ್ಷಕ್ಕೆ ೧,೨೦೦, ತಿಂಗಳಿಗೆ ೧೦೦ ರೂಪಾಯಿಯಷ್ಟು ಅದು ಸವೆದಂತಾಯಿತು. ದುರಸ್ತಿಗೆಂದು ತಿಂಗಳಿಗೆ ಮತ್ತೊಂದು ೧೦೦ ರೂಪಾಯಿಯನ್ನು ತೆಗೆದಿಡಬೇಕು. ತಿಂಗಳಿಗೆ ೪೦ ರವಿಕೆಗಳನ್ನು ಹೊಲಿಯುವವಳಿಗೆ ಈ ೨೦೦ ರೂಪಾಯಿಯು ರವಿಕೆಯೊಂದಕ್ಕೆ ೫ ರೂಪಾಯಿಯಂತೆ ಬೀಳುವುದು. ಹೀಗೆ ಒಟ್ಟು ಖರ್ಚು ೮೫ ರೂಪಾಯಿ.

ಇನ್ನು ಹೊತ್ತು. ಅಳತೆ ತೆಗೆದುಕೊಳ್ಳುವುದು, ಕತ್ತರಿಸುವುದು, ಲೈನಿಂಗ್ ಜೋಡಿಸುವುದು, ಹೊಲಿಯುವುದು, ಹುಕ್ಕು ಹಚ್ಚುವುದು, ಇಸ್ತ್ರಿ ಮಾಡುವುದು, ಇವೆಲ್ಲಕ್ಕೂ ಕೂಡಿ ೩ ಘಂಟೆಗಳು ಹಿಡಿದುವೆನ್ನೋಣ. ಯಂತ್ರದ ಮುಂದೆ ಕುಳಿತ ಹೊತ್ತನ್ನು ಮಾತ್ರ ಎಣಿಸಿ ಉಳಿದುದನ್ನು ಬಿಡಕೂಡದು. ಹೊಲಿಗೆಯ ಬೆಲೆ ೨೫೦ ರೂಪಾಯಿಯಾದರೆ ಖರ್ಚು ಕಳೆದು ೧೬೫ ರೂಪಾಯಿ ಉಳಿಯುವುದು. ಅಂದರೆ ಘಂಟೆಗೆ ೫೫ ರೂಪಾಯಿ. ತೋಳು ಬಿಗಿಯಾಯಿತೆಂದು ಅದು ಹಿಂದಿರುಗಿ ಬಂದು, ಬಿಚ್ಚಿ ಹೊಲಿಯಲು ಇನ್ನೂ ಅರ್ಧ ಘಂಟೆಯಾದರೆ ಆ ೫೫ ರೂಪಾಯಿಯು ೪೭ಕ್ಕೆ ಇಳಿಯುವುದು. ನೆರೆಯವಳ ದಾಕ್ಷಿಣ್ಯಕ್ಕೆ ೧೫೦ ರೂಪಾಯಿಗೆ ಹೊಲಿದುಕೊಟ್ಟರೆ ಉಳಿಯುವುದು ೬೫. ಘಂಟೆಗೆ ೨೨ ರೂಪಾಯಿಯೂ ಆಗದು.

ಇಲ್ಲಿ ಒಂದು ಸೂಕ್ಷ್ಮವುಂಟು. ಬೆಲೆಯು ೨೫೦ರಿಂದ ೧೫೦ಕ್ಕೆ ಇಳಿದಾಗ ಗಿರಾಕಿಗೆ ಉಳಿತಾಯವಾದುದು ನೂರಕ್ಕೆ ೪೦ರಷ್ಟು. ಹೊಲಿದವಳ ಕೂಲಿಯಾದರೋ ೧೬೫ರಿಂದ ೬೫ಕ್ಕೆ ಬಂದು, ನೂರಕ್ಕೆ ೬೦ಕ್ಕಿಂತಲೂ ಹೆಚ್ಚಾಗಿ ಕಡಮೆಯಾಯಿತು. ದಾರದ ಅಂಗಡಿಯವನು ತನ್ನ ಬೆಲೆಯನ್ನು ಬಿಡಲಿಲ್ಲ, ವಿದ್ಯುತ್ತಿನವರೂ ಬಿಡಲಿಲ್ಲ. ಬಿಟ್ಟ ನೂರು ರೂಪಾಯಿಯೆಲ್ಲವೂ ಅವಳ ಹೊತ್ತಿನಿಂದಲೇ ಹೋಯಿತು. ಆದಕಾರಣ ಬೆಲೆಯನ್ನು ಇಳಿಸುವ ಮುಂಚೆ, ತಾನು ಕೊಡುತ್ತಿರುವುದು ಎಷ್ಟೆಂದು ತಿಳಿದು ಕೊಡಬೇಕು. ಬಡ ವಿದ್ಯಾರ್ಥಿನಿಗೆ ಸಮವಸ್ತ್ರವನ್ನು ಧರ್ಮಾರ್ಥವಾಗಿ ಹೊಲಿದುಕೊಡುವುದು ಪುಣ್ಯದ ಕೆಲಸ. ಅದನ್ನು ಧರ್ಮವೆಂದೇ ಬರೆದಿಡಬಹುದು. ಕೇಳಲು ನಾಚಿಕೊಂಡು ಕಳೆದುಕೊಂಡುದು ಧರ್ಮವಲ್ಲ.

ಘಂಟೆಗೆ ಬರುವ ಆದಾಯವನ್ನು ಕಂಡುಹಿಡಿದ ಮೇಲೆ ಅದನ್ನು ಸರಕಾರವು ಹೊಲಿಗೆಯ ಕೆಲಸಕ್ಕೆ ಪ್ರಕಟಿಸುವ ಕನಿಷ್ಠ ಕೂಲಿಯೊಡನೆ ಹೋಲಿಸಿ ನೋಡಬೇಕು. ತನ್ನ ಗಳಿಕೆಯು ಅದಕ್ಕಿಂತ ಕೆಳಗಿದ್ದರೆ ಬೆಲೆಯನ್ನು ಏರಿಸಬೇಕು, ಇಲ್ಲವೆ ಕೆಲಸದ ರೀತಿಯನ್ನು ತಿದ್ದಿಕೊಳ್ಳಬೇಕು. ಒಂದೇ ಬಣ್ಣದ ದಾರ ಬೇಕಾದ ಬಟ್ಟೆಗಳನ್ನು ಒಟ್ಟಿಗೆ ಹೊಲಿಯುವುದು, ಹುಕ್ಕು ಹಚ್ಚುವುದನ್ನೆಲ್ಲ ಕೊನೆಗೆ ಒಂದೇ ಬಾರಿ ಮಾಡುವುದು, ಎರಡು ಮೂರು ಬಾಬಿನ್ನುಗಳಿಗೆ ಮೊದಲೇ ದಾರವನ್ನು ಸುತ್ತಿಟ್ಟುಕೊಳ್ಳುವುದು ಮುಂತಾದ ಉಪಾಯಗಳಿಂದ ಹೊತ್ತು ಉಳಿಯುವುದು.

೪. ಪುಸ್ತಕ, ಅಳತೆ, ಮಾತು

ಮನೆಯಲ್ಲಿ ಹೊಲಿಯುವವಳಿಗೆ ಕತ್ತರಿಯಷ್ಟೇ ಅವಶ್ಯವಾದುದು ಒಂದು ನೋಟು ಪುಸ್ತಕ. ಅದರ ಒಂದು ಭಾಗದಲ್ಲಿ ಗಿರಾಕಿಯ ಹೆಸರು, ಬಟ್ಟೆ ಬಂದ ದಿನ, ಬಟ್ಟೆಯ ಉದ್ದ, ಹಿಂದಿರುಗಿಸುವೆನೆಂದು ಹೇಳಿದ ದಿನ, ಒಪ್ಪಿಕೊಂಡ ಬೆಲೆ, ಮುಂಗಡ, ಬಾಕಿ ಇವುಗಳನ್ನು ಬರೆಯಬೇಕು. ಮತ್ತೊಂದು ಭಾಗದಲ್ಲಿ ಅಳತೆಗಳು: ಎದೆ, ಸೊಂಟ, ಭುಜ, ತೋಳಿನ ಉದ್ದ, ತೋಳಿನ ಸುತ್ತಳತೆ, ಕುತ್ತಿಗೆಯ ಮುಂದಿನ ಮತ್ತು ಹಿಂದಿನ ಆಳ, ರವಿಕೆಯ ಒಟ್ಟು ಉದ್ದ. ಗಿರಾಕಿಗಳು ಹಳೆಯ ಅಳತೆಯ ರವಿಕೆಯನ್ನು ತಂದುಕೊಟ್ಟು ಹೋಗುವ ರೂಢಿಯುಂಟು. ಅದು ಅನುಕೂಲವೇ ಹೌದು. ಆದರೆ ಒಗೆದು ಒಗೆದು ಅದು ಕುಗ್ಗಿರಬಹುದು, ಅಥವಾ ಗಿರಾಕಿಯ ಮೈ ಬದಲಾಗಿರಬಹುದು. ಆದುದರಿಂದ ಟೇಪಿನಿಂದ ಒಮ್ಮೆ ಅಳೆದು ಎರಡನ್ನೂ ಹೋಲಿಸುವುದು ಉತ್ತಮ. ಬಿಚ್ಚಿ ಹೊಲಿಯುವ ಅರ್ಧ ಘಂಟೆಗಿಂತ ಅಳೆಯುವ ಐದು ನಿಮಿಷವು ಅಗ್ಗವಾದುದು. ಹತ್ತಿಯ ಲೈನಿಂಗ್ ಬಟ್ಟೆಯನ್ನೂ ಸೀರೆಯ ಫಾಲನ್ನೂ ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿದ ಮೇಲೆಯೇ ಹಚ್ಚಬೇಕು. ಇಲ್ಲವಾದರೆ ಮೊದಲನೆಯ ಒಗೆತದಲ್ಲಿಯೇ ಅವು ಕುಗ್ಗಿ, ಮೇಲಿನ ಬಟ್ಟೆಯು ಸುಕ್ಕುಗಟ್ಟಿ, ಹೊಲಿದವಳ ಹೆಸರು ಕೆಡುವುದು.

ಹಣದ ಮಾತು ಎಲ್ಲಕ್ಕಿಂತ ಕಠಿನವಾದುದು. ಅಂಗಡಿಗೆ ಹೋದವಳು ದರವನ್ನು ಕೇಳಿ ಹಣ ಕೊಟ್ಟು ಬರುವಳು. ಅದೇ ಗಿರಾಕಿಯು ಮನೆಗೆ ಬಂದಾಗ ಕಾಫಿಯ ಉಪಚಾರವಾಗುವುದು, ಮಕ್ಕಳ ಮಾತಾಗುವುದು, ಕೊನೆಗೆ "ಅಕ್ಕಾ, ನೀವೇನು ಹೊರಗಿನವರೇ? ಮುಂದಿನ ವಾರ ಕೊಟ್ಟರಾಯಿತಲ್ಲ" ಎಂಬ ಮಾತು ಬರುವುದು. ಸ್ನೇಹವು ಕೆಡಬಾರದೆಂದು ಸುಮ್ಮನಿದ್ದವಳಿಗೆ ಬಾಕಿಯು ಬೆಳೆಯುವುದು. ಬಾಕಿಯು ಬೆಳೆದ ಮೇಲೆ ಸ್ನೇಹವೂ ಉಳಿಯದು. ಇದಕ್ಕೆ ಪರಿಹಾರವೆಂದರೆ ದರಗಳ ಪಟ್ಟಿಯನ್ನು ದಪ್ಪಕ್ಷರದಲ್ಲಿ ಬರೆದು ಯಂತ್ರದ ಮೇಲಿನ ಗೋಡೆಗೆ ಹಚ್ಚುವುದು. ಬಾಯಿಂದ ಹೇಳಲು ನಾಚಿಕೆಯಾದ ಮಾತನ್ನು ಗೋಡೆಯು ಹೇಳುವುದು. ಬಟ್ಟೆಯನ್ನು ತೆಗೆದುಕೊಳ್ಳುವಾಗ ಲೈನಿಂಗಿನ ಖರ್ಚನ್ನಾದರೂ ಮುಂಗಡವಾಗಿ ಪಡೆಯಬೇಕು. ಉಳಿದುದನ್ನು ರವಿಕೆಯನ್ನು ಒಪ್ಪಿಸುವಾಗ ಪಡೆಯಬೇಕು. ಇದಕ್ಕೆ ಪ್ರತಿಯಾಗಿ ತಾನೂ ಹೇಳಿದ ದಿನಕ್ಕೆ ಹೊಲಿದುಕೊಡಬೇಕು, ಉಳಿದ ತುಂಡುಬಟ್ಟೆಯನ್ನು ಕೇಳುವ ಮುಂಚೆಯೇ ಹಿಂದಿರುಗಿಸಬೇಕು. ಮಾತಿನಂತೆ ನಡೆಯುವವಳು ಬೆಲೆಯನ್ನು ಧೈರ್ಯದಿಂದ ಕೇಳಬಲ್ಲಳು.

ಹೊಲಿಗೆಯ ಹಣವನ್ನು ಮನೆಯ ಖರ್ಚಿನ ಡಬ್ಬಿಯಲ್ಲಿ ಬೆರೆಸಕೂಡದು. ಬ್ಯಾಂಕಿನಲ್ಲಾಗಲಿ ಅಂಚೆ ಕಚೇರಿಯಲ್ಲಾಗಲಿ ತನ್ನ ಹೆಸರಿನಲ್ಲಿಯೇ ಒಂದು ಖಾತೆಯಿರಬೇಕು. ತಿಂಗಳ ಕೊನೆಗೆ ದಾರ, ಲೈನಿಂಗ್, ದುರಸ್ತಿಗಳ ಹಣವನ್ನು ಬೇರೆಯಾಗಿ ತೆಗೆದಿಟ್ಟು, ಉಳಿದುದನ್ನು ತನ್ನ ಸಂಬಳವೆಂದು ಎಣಿಸಿ ಮನೆಗೆ ಕೊಡಲಿ. ಹಾಗೆ ಮಾಡಿದಾಗ, ಇವಳ ದುಡಿಮೆಯಿಂದ ಮನೆಗೆ ಎಷ್ಟು ಬರುತ್ತಿದೆಯೆಂಬುದು ಮನೆಯವರಿಗೂ ಕಣ್ಣಿಗೆ ಕಾಣುವುದು. ಅವಳು ಯಂತ್ರದ ಮುಂದೆ ಕುಳಿತಾಗ ಎಬ್ಬಿಸಿ ಬೇರೆ ಕೆಲಸ ಹೇಳುವುದು ಕಡಮೆಯಾಗುವುದು.

೫. ಯಾವ ಕೆಲಸವನ್ನು ಆರಿಸಿಕೊಳ್ಳಬೇಕು?

ಎಲ್ಲರೂ ರವಿಕೆಯನ್ನೇ ಹೊಲಿಯಬೇಕೆಂಬ ನಿಯಮವಿಲ್ಲ. ಯಂತ್ರವಿಲ್ಲದವಳೂ ಸೀರೆಗೆ ಫಾಲ್ ಹಚ್ಚಬಹುದು, ಸೆರಗಿಗೆ ಕುಚ್ಚು ಕಟ್ಟಬಹುದು. ಇವೆರಡಕ್ಕೂ ಬೇಕಾದ ಬಂಡವಾಳವು ಅಲ್ಪ. ಮಕ್ಕಳ ಬಟ್ಟೆ, ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ದಿಂಬಿನ ಚೀಲ, ಬಟ್ಟೆಯ ಕೈಚೀಲ, ಹಳೆಯ ಬಟ್ಟೆಗಳನ್ನು ಚಿಕ್ಕದು ದೊಡ್ಡದು ಮಾಡಿಕೊಡುವುದು, ಇವು ಪ್ರತಿ ಬೀದಿಯಲ್ಲಿಯೂ ಬೇಕಾಗುವ ಕೆಲಸಗಳು. ಹೊಸತನ್ನು ಹೊಲಿಯುವ ದರ್ಜಿಗಳು ರಿಪೇರಿಯನ್ನು ಸಾಮಾನ್ಯವಾಗಿ ಇಷ್ಟಪಡುವುದಿಲ್ಲ. ಆದಕಾರಣ ಅದನ್ನು ಸಂತೋಷದಿಂದ ಮಾಡುವವಳಿಗೆ ಗಿರಾಕಿಗಳು ತಾವಾಗಿ ಬರುವರು.

ಕನ್ನಡನಾಡಿನ ಸ್ತ್ರೀಯರ ಕೈಯಲ್ಲಿ ಬೇರೆಲ್ಲಿಯೂ ಸುಲಭವಾಗಿ ದೊರೆಯದ ಸೂಜಿಯ ಕಲೆಗಳೂ ಇರುವುವು. ಧಾರವಾಡ ಪ್ರಾಂತದ ಕಸೂತಿಯು ಅವುಗಳಲ್ಲಿ ಮುಖ್ಯವಾದುದು. ಬಟ್ಟೆಯ ಮೇಲೆ ಚಿತ್ರವನ್ನು ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿ ಎಣಿಸಿ, ಗಂಟು ಹಾಕದೆ ಇದನ್ನು ಹೊಲಿಯುವರು. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿಂದ ಗೋಪುರ, ತೇರು, ತುಳಸಿಯ ಕಟ್ಟೆ, ಅಂಬಾರಿಯ ಆನೆ ಮುಂತಾದ ಆಕೃತಿಗಳು ಇಳಕಲ್ಲಿನ ಸೀರೆಯ ಮೇಲೆ ಮೂಡುವುವು. ಗವಂತಿಯಲ್ಲಿ ಬಟ್ಟೆಯ ಎರಡು ಮಗ್ಗುಲುಗಳೂ ಒಂದೇ ತೆರನಾಗಿ ಕಾಣುವುವು. ಸಂಡೂರಿನ ಲಂಬಾಣಿ ಸ್ತ್ರೀಯರ ಕನ್ನಡಿ ಕವಡೆಗಳ ಕುಸುರಿಯೂ ಪ್ರಸಿದ್ಧವಾದುದು. ಈ ಎರಡೂ ಕಲೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಹಳೆಯ ಬಟ್ಟೆಯ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಹೊಲಿಯುವ ಕೌದಿಯನ್ನು ಉತ್ತರ ಕರ್ನಾಟಕದ ಮನೆಗಳಲ್ಲಿ ಈಗಲೂ ಕಾಣಬಹುದು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸ್ತ್ರೀಯರು ತಮ್ಮ ಕೌದಿಯ ಮೂಲೆಗಳಲ್ಲಿ ತ್ರಿಕೋನಾಕಾರದ ತುಂಡುಗಳ ಹೂವನ್ನು ಹಚ್ಚುವರು; ಅದಿಲ್ಲದೆ ಕೌದಿಯು ಪೂರ್ಣವಾಯಿತೆಂದು ಅವರು ಎಣಿಸುವುದಿಲ್ಲ.

ಇಂತಹ ಕೆಲಸಕ್ಕೆ ಬೆಲೆಯನ್ನು ಕಟ್ಟುವಾಗ ಹೊತ್ತಿನ ಲೆಕ್ಕವು ಇನ್ನೂ ಮುಖ್ಯವಾಗುವುದು. ಕಸೂತಿಯ ದಾರಕ್ಕೆ ತಗಲುವ ಖರ್ಚು ಸ್ವಲ್ಪ. ಅದರ ಬೆಲೆಯೆಲ್ಲವೂ ಕೈಯ ಬೆಲೆ, ಕಣ್ಣಿನ ಬೆಲೆ. ಒಂದು ಅಂಗೈಯಗಲದ ಆಕೃತಿಗೆ ಎಷ್ಟು ಹೊತ್ತು ಹಿಡಿಯುವುದೆಂದು ಗಡಿಯಾರವನ್ನು ನೋಡಿ ಬರೆದಿಟ್ಟುಕೊಂಡರೆ, ಇಡೀ ಸೀರೆಗೆ ಎಷ್ಟು ಕೇಳಬೇಕೆಂಬುದು ತಿಳಿಯುವುದು.

೬. ಯಂತ್ರದ ಆರೈಕೆ, ದೇಹದ ಆರೈಕೆ

ಯಂತ್ರವನ್ನು ದಿನದ ಕೆಲಸ ಮುಗಿದೊಡನೆ ಬಟ್ಟೆಯಿಂದ ಒರಸಿ, ಬಾಬಿನ್ನಿನ ಸುತ್ತ ಕಟ್ಟಿಕೊಂಡ ನಾರುಧೂಳನ್ನು ಬ್ರಷಿನಿಂದ ತೆಗೆಯಬೇಕು. ಯಂತ್ರದ ಎಣ್ಣೆಯನ್ನೇ ಬಿಡಬೇಕು. ಅಡಿಗೆಯ ಎಣ್ಣೆಯು ಒಳಗೆ ಅಂಟಾಗಿ ಯಂತ್ರವನ್ನು ಬಿಗಿಮಾಡುವುದು. ತೆಳುವಾದ ಬಟ್ಟೆಗೆ ೧೧ನೆಯ ನಂಬರಿನ ಸೂಜಿ, ಸಾಧಾರಣ ಹತ್ತಿಯ ಬಟ್ಟೆಗೆ ೧೪, ದಪ್ಪ ಬಟ್ಟೆಗೆ ೧೬. ಮೊಂಡಾದ ಸೂಜಿಯನ್ನು ಉಳಿಸಲು ಹೋಗಿ ಗಿರಾಕಿಯ ರೇಷ್ಮೆಯ ಎಳೆಯನ್ನು ಕೀಳಿಸಿಕೊಳ್ಳುವುದು ಜಾಣತನವಲ್ಲ.

ಯಂತ್ರಕ್ಕೆ ಇಷ್ಟು ಆರೈಕೆಯನ್ನು ಮಾಡುವವಳು ತನ್ನ ದೇಹವನ್ನು ಮರೆಯಬಾರದು. ಬೆಳಕು ಕೈಯ ಮೇಲೆ ಬೀಳುವಂತೆ ಕಿಟಕಿಯ ಬಳಿ ಕುಳಿತುಕೊಳ್ಳಬೇಕು. ಬೆನ್ನಿಗೆ ಆಧಾರವಿಲ್ಲದ ಸ್ಟೂಲಿಗಿಂತ ಕುರ್ಚಿಯು ಮೇಲು. ಘಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ನಡೆದು, ದೂರದ ಗಿಡವನ್ನೋ ಆಕಾಶವನ್ನೋ ನೋಡಿ ಕಣ್ಣಿಗೆ ವಿಶ್ರಾಂತಿಯನ್ನು ಕೊಡಬೇಕು. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಂದವಾದ ದೀಪದಲ್ಲಿ ಕಪ್ಪು ಬಟ್ಟೆಯನ್ನು ಹೊಲಿಯುವ ಅಭ್ಯಾಸವು ಕಣ್ಣಿಗೆ ಬಹಳ ಆಯಾಸಕರವಾದುದು. ಯಂತ್ರದ ಸವೆತಕ್ಕೆ ತಿಂಗಳಿಗೆ ನೂರು ರೂಪಾಯಿಯನ್ನು ಎಣಿಸಿದ ನಾವು ಕಣ್ಣಿನ ಸವೆತಕ್ಕೆ ಏನನ್ನೂ ಎಣಿಸದಿರುವುದು ನ್ಯಾಯವೇ?

೭. ವರ್ತಕನಿಗಾಗಿ ಹೊಲಿಯುವವರು

ಇದುವರೆಗೆ ಸ್ವಂತ ಗಿರಾಕಿಗಳುಳ್ಳವಳ ಮಾತಾಯಿತು. ಕತ್ತರಿಸಿದ ಬಟ್ಟೆಯನ್ನು ವರ್ತಕನಿಂದ ಅಥವಾ ಅವನ ಮಧ್ಯಸ್ಥನಿಂದ ಮನೆಗೆ ತಂದು, ಪೀಸಿನ ಲೆಕ್ಕದಲ್ಲಿ ಹೊಲಿದುಕೊಡುವವರು ಬಹಳ ಮಂದಿ ಇರುವರು. ಇವರ ಸ್ಥಿತಿಯು ಬೇರೆ. ಇವರಿಗೆ ದರವನ್ನು ಗೋಡೆಗೆ ಹಚ್ಚುವ ಸ್ವಾತಂತ್ರ್ಯವಿಲ್ಲ. ಒಬ್ಬಳು ಹೆಚ್ಚು ಕೇಳಿದರೆ ಗಂಟು ಪಕ್ಕದ ಮನೆಗೆ ಹೋಗುವುದು.

ಇಂಥವರು ತಿಳಿದಿರಬೇಕಾದ ಮೊದಲ ಸಂಗತಿಯೆಂದರೆ, ಕಾಯಿದೆಯ ದೃಷ್ಟಿಯಲ್ಲಿ ಅವರ ದುಡಿಮೆಯು ದುಡಿಮೆಯೇ ಎಂಬುದು. ಆಂಧ್ರಪ್ರದೇಶದ ದರ್ಜಿಯಂಗಡಿಯೊಂದರ ವಿವಾದವು ಸುಪ್ರೀಂ ಕೋರ್ಟಿಗೆ ಹೋದಾಗ, ೧೯೭೩ರಲ್ಲಿ ಮಹತ್ವದ ತೀರ್ಪೊಂದು ಹೊರಬಿತ್ತು. ಅಲ್ಲಿಯ ದರ್ಜಿಗಳಿಗೆ ಪೀಸಿನ ಲೆಕ್ಕದಲ್ಲಿ ಕೂಲಿಯಿತ್ತು. ಕೆಲವರು ಬಟ್ಟೆಯನ್ನು ಮನೆಗೆ ಒಯ್ದು ಹೊಲಿಯುವುದೂ ಉಂಟಾಗಿತ್ತು. ಆದರೂ ಹೊಲಿದುದು ಸರಿಯಿಲ್ಲವಾದರೆ ತಿರಸ್ಕರಿಸಿ ಮತ್ತೆ ಹೊಲಿಸುವ ಅಧಿಕಾರವು ಅಂಗಡಿಯವರಿಗೆ ಇದ್ದುದರಿಂದ, ಆ ದರ್ಜಿಗಳು ಅಂಗಡಿಯ ನೌಕರರೇ ಎಂದು ನ್ಯಾಯಾಲಯವು ನಿರ್ಣಯಿಸಿತು. ೨೦೦೮ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯಿದೆಯಲ್ಲಿ ಮನೆಯಲ್ಲಿ ದುಡಿಯುವ ಕಾರ್ಮಿಕರೆಂದರೆ ಯಾರೆಂಬುದನ್ನು ಸ್ಪಷ್ಟವಾಗಿ ಹೇಳಲಾಯಿತು; ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅವರಿಗೆ ಸ್ಥಾನವುಂಟು. ೧೯೯೬ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ತನ್ನ ೧೭೭ನೆಯ ಒಡಂಬಡಿಕೆಯಲ್ಲಿ, ಮನೆಯಲ್ಲಿ ದುಡಿಯುವವರನ್ನು ಇತರ ಕೂಲಿಗಾರರಿಗೆ ಸಮಾನರಾಗಿ ಕಾಣಬೇಕೆಂಬ ತತ್ತ್ವವನ್ನು ಅಂಗೀಕರಿಸಿತು.

ಎರಡನೆಯ ಸಂಗತಿಯು ಒಗ್ಗಟ್ಟು. ಇಳಾ ಭಟ್ಟರು ೧೯೭೨ರಲ್ಲಿ ಅಹಮ್ಮದಾಬಾದಿನಲ್ಲಿ 'ಸೇವಾ' ಎಂಬ ಹೆಸರಿನಿಂದ ಪ್ರಸಿದ್ಧವಾದ ಸ್ವಾಶ್ರಯೀ ಸ್ತ್ರೀಯರ ಸಂಘವನ್ನು ಸ್ಥಾಪಿಸಿದರು. ಗಿರಣಿಗಳಿಂದ ಬರುವ ಚಿಂದಿಯನ್ನು ಜೋಡಿಸಿ ಮನೆಯಲ್ಲಿ ಹೊದಿಕೆಯ ಕವಚಗಳನ್ನು ಹೊಲಿಯುತ್ತಿದ್ದ ಸ್ತ್ರೀಯರೂ ಆ ಸಂಘದಲ್ಲಿ ಸೇರಿ, ಕೂಲಿಯ ದರಕ್ಕಾಗಿ ವರ್ತಕರೊಡನೆ ಒಟ್ಟಾಗಿ ಮಾತಾಡಿದರು. ತಮ್ಮದೇ ಸಹಕಾರ ಸಂಘವನ್ನೂ ಕಟ್ಟಿಕೊಂಡರು. ಒಬ್ಬೊಬ್ಬಳೇ ಕೇಳಿದಾಗ ಬೇಡುವಂತೆ ಕಾಣುವ ಮಾತು ಹತ್ತು ಮಂದಿ ಕೇಳಿದಾಗ ನ್ಯಾಯದ ಮಾತಾಗುವುದು. ನಮ್ಮ ಊರುಗಳ ಸ್ವಸಹಾಯ ಸಂಘಗಳಲ್ಲಿ ಹೊಲಿಯುವವರು ಒಂದೆಡೆ ಸೇರಿ, ಇಂತಹ ಕೆಲಸಕ್ಕೆ ಇಷ್ಟಕ್ಕಿಂತ ಕಡಮೆಗೆ ಯಾರೂ ಒಪ್ಪಬಾರದೆಂದು ಗೊತ್ತುಮಾಡಿಕೊಂಡರೆ ಅದೇ ದೊಡ್ಡ ಆರಂಭ. ವರ್ತಕನಿಂದ ತಂದ ಪೀಸುಗಳ ಸಂಖ್ಯೆ, ಕೊಟ್ಟ ದಿನ, ದರ, ಬಂದ ಹಣ ಇವುಗಳನ್ನು ಚೀಟಿಯಲ್ಲಿ ಬರೆದು ಅವನ ರುಜುವನ್ನು ಪಡೆಯುವ ಪದ್ಧತಿಯನ್ನು ತಪ್ಪಿಸಕೂಡದು.

೮. ಸಾಲ, ಸುಗ್ಗಿ, ಬರ

ಯಂತ್ರಕ್ಕಾಗಿ ಹೆಚ್ಚು ಬಡ್ಡಿಯ ಕೈಸಾಲವನ್ನು ಮಾಡುವ ಮುನ್ನ ಬೇರೆ ಮಾರ್ಗ ಉಂಟೇ ಎಂದು ವಿಚಾರಿಸಬೇಕು. ಭಾರತ ಸರಕಾರವು ೨೦೨೩ರಲ್ಲಿ ಆರಂಭಿಸಿದ ಪಿ. ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ದರ್ಜಿಯ ಕಸುಬೂ ಒಂದು. ಅದರಲ್ಲಿ ತರಬೇತಿಯನ್ನೂ, ಸಲಕರಣೆಗಳಿಗಾಗಿ ೧೫,೦೦೦ ರೂಪಾಯಿಯ ನೆರವನ್ನೂ, ಮೊದಲ ಹಂತದಲ್ಲಿ ೧ ಲಕ್ಷ ರೂಪಾಯಿಯ ವರೆಗೆ ನೂರಕ್ಕೆ ೫ರ ಬಡ್ಡಿಯ ಸಾಲವನ್ನೂ ಗೊತ್ತುಪಡಿಸಲಾಯಿತು. ೨೦೨೧ರಲ್ಲಿ ಆರಂಭವಾದ ಇ-ಶ್ರಮ ದಾಖಲೆಯಲ್ಲಿ ಅಸಂಘಟಿತ ಕಾರ್ಮಿಕರು ಹೆಸರನ್ನು ಬರೆಸಿಕೊಳ್ಳಬಹುದು. ಹೆಸರನ್ನು ಬರೆಸುವಾಗ, "ಮನೆಯಲ್ಲಿ ಸುಮ್ಮನಿದ್ದೇನೆ" ಎನ್ನದೆ, "ಹೊಲಿಗೆಯ ಕೆಲಸ" ಎಂದು ಬರೆಸಬೇಕು. ಎಣಿಕೆಗೆ ಬಾರದ ಕೆಲಸಕ್ಕೆ ನೆರವೂ ಬಾರದು.

ಹೊಲಿಗೆಯ ಆದಾಯವು ವರ್ಷವೆಲ್ಲ ಸಮನಾಗಿರುವುದಿಲ್ಲ. ಶಾಲೆಗಳು ತೆರೆಯುವ ಮೇ, ಜೂನ್ ತಿಂಗಳುಗಳಲ್ಲಿ ಸಮವಸ್ತ್ರ, ಗೌರೀಹಬ್ಬದಿಂದ ದೀಪಾವಳಿಯ ತನಕ ಹಬ್ಬದ ಬಟ್ಟೆ, ಅನಂತರ ಕ್ರಿಸ್ಮಸ್, ಲಗ್ನದ ದಿನಗಳಲ್ಲಿ ರವಿಕೆ, ಕುಚ್ಚು. ಮದುವೆಗಳಿಲ್ಲದ ಆಷಾಢದಲ್ಲಿ ಆ ಕೆಲಸವು ಇಳಿಮುಖವಾಗುವುದು. ಸುಗ್ಗಿಯ ತಿಂಗಳಿನಲ್ಲಿ ಬಂದುದನ್ನೆಲ್ಲ ಖರ್ಚು ಮಾಡದೆ ಬರದ ತಿಂಗಳಿಗೆ ಉಳಿಸುವುದು ರೈತನ ಮನೆಯ ಹಳೆಯ ಬುದ್ಧಿ. ಹೊಲಿಯುವವಳಿಗೂ ಅದೇ ಸಲ್ಲುವುದು. ಕೆಲಸ ಕಡಮೆಯಿರುವಾಗ ಕೈಚೀಲ, ಮಕ್ಕಳ ಅಂಗಿಗಳನ್ನು ಹೊಲಿದಿಟ್ಟರೆ ಹಬ್ಬದ ಮುಂದೆ ಮಾರಬಹುದು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಶಿಕ್ಷಕಿಯರೂ ವೈದ್ಯೆಯರೂ ಅಧಿಕಾರಿಣಿಯರೂ ಆಗುವಿರಿ. ನೀವು ಸೂಜಿಯಿಂದ ಜೀವಿಸಬೇಕಾಗಿ ಬಾರದೆಯೇ ಇರಬಹುದು. ಆದರೂ ನೀವೆಲ್ಲರೂ ಯಾವಳಾದರೊಬ್ಬಳ ಗಿರಾಕಿಗಳಂತೂ ಆಗಿಯೇ ಆಗುವಿರಿ. ಸೂಜಿ ಹಿಡಿದವಳು ತನ್ನ ಹೊತ್ತಿಗೆ ಬೆಲೆ ಕಟ್ಟುವುದನ್ನು ಕಲಿಯಬೇಕು; ಹೊಲಿಸಿಕೊಳ್ಳುವವಳು ಆ ಬೆಲೆಯನ್ನು ಚೌಕಾಶಿಯಿಲ್ಲದೆ ಹೊತ್ತಿಗೆ ಸರಿಯಾಗಿ ಕೊಡುವುದನ್ನು ಕಲಿಯಬೇಕು. ಈ ಎರಡನ್ನೂ ಕಲಿತಾಗ ಮಾತ್ರ ಹೊಲಿಗೆಯ ಪಾಠವು ಮುಗಿಯಿತೆಂದು ಹೇಳಬಹುದು.

ಅಭ್ಯಾಸ

(೧) ನಿಮ್ಮ ಬೀದಿಯಲ್ಲಿ ಲೈನಿಂಗ್ ರವಿಕೆಗೆ ಇರುವ ದರವನ್ನು ವಿಚಾರಿಸಿ, ಮೇಲೆ ತೋರಿಸಿದ ರೀತಿಯಲ್ಲಿ ಘಂಟೆಗೆ ದೊರೆಯುವ ಕೂಲಿಯನ್ನು ಕಂಡುಹಿಡಿಯಿರಿ.

(೨) ತಿಂಗಳಿಗೆ ೪೦ಕ್ಕೆ ಬದಲಾಗಿ ೨೦ ರವಿಕೆಗಳನ್ನು ಮಾತ್ರ ಹೊಲಿದರೆ ಯಂತ್ರದ ಸವೆತ ಮತ್ತು ದುರಸ್ತಿಯ ಖರ್ಚು ರವಿಕೆಯೊಂದಕ್ಕೆ ಎಷ್ಟಾಗುವುದು?

(೩) ನರಸಾಪುರದ ಲೇಸಿನ ಕೆಲಸಗಾರರಿಗೆ ಕೂಲಿಯು ಕಡಮೆಯಾಗಿದ್ದುದೇಕೆ? ನಿಮ್ಮ ಮನೆಯಲ್ಲಿ ಕೆಲಸವೆಂದು ಎಣಿಸದೆ ಇರುವ ದುಡಿಮೆ ಯಾವುದಾದರೂ ಉಂಟೇ? ಆಲೋಚಿಸಿ ಬರೆಯಿರಿ.